ಮೇವಿಸ್ ಮನೆಯ ಮುಂಬಾಗಿಲು

ಶೆಫೀಲ್ಡ್, ಇಂಗ್ಲೆಂಡ್
೧೯ ಅಕ್ಟೋಬರ್ ೨೦೨೪

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಟ್ಲಿಯನ್ನು ಗೂಡಿನಲ್ಲಿಟ್ಟು ಕೈಮುಗಿಯುತ್ತಿದ್ದೀಯೋ? ಮಲ್ಲಂದೂರಿನಲ್ಲಿ ಮಳೆ ಬಿಟ್ಟಿತೇ? ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ತಿನ್ನುತ್ತಿದ್ದೇನೆ. ಜನವರಿಯಲ್ಲಿ ನನ್ನ ಗೆಳತಿ ಮೇವಿಸ್ ನಮ್ಮ ಮನೆಗೆ ಬರುತ್ತಾಳೆ ಎಂದು ಫೋನಿನಲ್ಲಿ ಹೇಳಿದರೆ, "ಬಿಳಿ ಹೆಂಗ್ಸನ್ನ ನಮ್ಮನೇಲಿ ಎಲ್ಲಿ ಮಲಗ್ಸದು? ಸಾವ್ಕಾರ್ರ ಬಂಗ್ಲೇಲಿ ಹೇಳ್ತೀನಿ ಬಿಡು" ಎಂದು ಕಟ್ ಮಾಡಿಬಿಟ್ಟೆ. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲಾಗದು. ಪಕ್ಕದ ಮನೆಯ ಶಬನಂ ಓದಿ ಹೇಳುತ್ತಾಳೆ. ಶಬನಂ, ಒಂದಕ್ಷರ ಬಿಡಬೇಡ. ಅವ್ವ ಎದ್ದು ಒಲೆ ಕಡೆ ಹೋದರೆ ನೀನೂ ಒಲೆ ಹತ್ತಿರ ಹೋಗಿ ಓದು.

ನಮ್ಮ ಕೂಲಿಕಾರರ ಸಂಘದವರು ಟಿಕೆಟ್ ಮಾಡಿಸಿ ಕಳಿಸಿದ ಲಂಡನ್ನಿನ ಕಾರ್ಮಿಕರ ಸಭೆ ಮುಗಿಯಿತು, ಭಾಷಣಗಳೂ ಮುಗಿದವು. ಆದರೆ ನಮ್ಮಂಥವರ ಬೆವರು ಕುಡಿದು ಬೆಳೆದ ದೇಶವನ್ನು ಕಣ್ಣಾರೆ ನೋಡದೆ ವಿಮಾನ ಹತ್ತಲು ಮನಸ್ಸು ಬರಲಿಲ್ಲ. ಇಲ್ಲಿ ರೈಲು ಏನಿದ್ದರೂ ಸಾವ್ಕಾರರಿಗೆ. ನಾನು ಬಸ್ಸು ಹಿಡಿದೆ. ಹೋಟೆಲಿನ ಮಾತೇ ಇಲ್ಲ, ಸಂಘದ ಪರಿಚಯದವರ ಮನೆಗಳಲ್ಲೇ ವಾಸ. ಬ್ರಿಸ್ಟಲ್‌ನಲ್ಲಿ ಒಬ್ಬ ಬಸ್ ಡ್ರೈವರನ ಸೋಫಾ, ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ಪಂಜಾಬಿ ನರ್ಸಿನ ಮಗಳ ಮಂಚ. ಆ ನರ್ಸಿನ ಅತ್ತೆ ಊರು ಕೇಳಿದಳು, ಅಪ್ಪನ ಹೆಸರು ಕೇಳಿದಳು, ಇನ್ನೂ ಏನನ್ನೋ ಕೇಳಲು ಬಾಯಿ ತೆರೆದಳು. ನಮ್ಮ ಜಾತಿ ಯಾವುದೆಂದು ನಾನೇ ಹೇಳಿಬಿಟ್ಟೆ. ಮುದುಕಿ ನನ್ನ ತಟ್ಟೆಗೆ ಇನ್ನೊಂದು ಪರಾಠ ಹಾಕಿದಳು.

ಈಗ ಶೆಫೀಲ್ಡಿನಲ್ಲಿದ್ದೇನೆ. ಇದೂ ಏರು ತಗ್ಗಿನ ಗುಡ್ಡದ ಊರು. ನಮ್ಮ ಎಸ್ಟೇಟಿನ ಕೂಲಿ ಲೈನ್ ಮನೆಗಳ ಹಾಗೇ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು. ಇಲ್ಲಿ ನಾನಿರುವುದು ಮೇವಿಸ್ ಮನೆಯಲ್ಲಿ, ಅವಳಿಗೆ ಎಪ್ಪತ್ತು ದಾಟಿದೆ. ಗಂಡ ರಾನ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು, ಮುಷ್ಕರದಲ್ಲಿ ಮುಂದೆ ನಿಂತವನು, ಈಗಿಲ್ಲ. 'ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಬಾ' ಎಂದು ಅವಳು ಮೊದಲೇ ಮೆಸೇಜು ಕಳಿಸಿದ್ದಳು. ಓದಿ ನನ್ನ ಮೈಯೆಲ್ಲ ಉರಿಯಿತು.

ಯಾಕೆಂದು ನಿನಗೆ ಗೊತ್ತು. ಏಕಾಂತಪ್ಪ ಸಾವ್ಕಾರರ ಬಂಗ್ಲೆಯ ಹಿಂದೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ, ನೀನು ವಾರದ ಬಟವಾಡೆಗೆ ಕೈಯೊಡ್ಡಿ ನಿಲ್ಲುವುದನ್ನು ನೋಡುತ್ತಲೇ ಬೆಳೆದವಳು ನಾನು. ಅವರ ನಾಯಿ ಮುಂದಿನ ಜಗಲಿಯಲ್ಲಿ, ಅವರ ಕಾಫಿ ಹಣ್ಣು ಕುಯ್ದವರು ಹಿತ್ತಲಿನಲ್ಲಿ! ಸಂಘ ಕಟ್ಟಿ ಎಲ್ಲರೂ ಮುಂಬಾಗಿಲಿಗೇ ನುಗ್ಗಿ ಕೂಲಿ ಕೇಳಿದ ದಿನವೂ ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಳಗೇ ನಿಂತೆ. ಆ ಮೆಟ್ಟಿಲನ್ನು ಇವತ್ತಿನವರೆಗೂ ಹತ್ತಿಲ್ಲ. ನಿನ್ನ ಮಗಳು ಸಮುದ್ರ ದಾಟಿ ಬಂದು ಮತ್ತೆ ಹಿತ್ತಲಿಗೆ ಹೋಗಬೇಕೆ? ಮಳೆಯಲ್ಲಿ ನಿಂತು ಮುಂಬಾಗಿಲನ್ನೇ ಗುದ್ದಿದೆ. ಒಳಗೆ ಏನನ್ನೋ ಎಳೆಯುವ ಸದ್ದು, ಏನೋ ಬಿದ್ದ ಸದ್ದು, ಆಮೇಲೆ ಸುತ್ತಿಗೆಯ ಪೆಟ್ಟು. ಪಕ್ಕದ ಮನೆಯ ಮುದುಕ ಹೊರಗೆ ಬಂದು ಟೋಪಿ ತೆಗೆದು ಎದೆಗೆ ಹಿಡಿದು ನಿಂತ. ಇವನೂ ನನ್ನನ್ನು ಅಣಕಿಸುತ್ತಾನೆ ಎಂದುಕೊಂಡು ಇನ್ನೂ ಜೋರಾಗಿ ಗುದ್ದಿದೆ. ಕಡೆಗೂ ಬಾಗಿಲು ಕಿರುಗುಟ್ಟಿ ತೆರೆಯಿತು. ಕೆಂಪಾದ ಮುಖ, ಕೈಯಲ್ಲಿ ಸುತ್ತಿಗೆ. ಮೇವಿಸ್ ಕೇಳಿದ ಮೊದಲ ಮಾತು, "ಯಾರು ಸತ್ರು ಮಾರಾಯ್ತಿ?" (ಅವಳಂದದ್ದು 'ಲವ್' ಅಂತ. ಇಲ್ಲಿ ಅಂಗಡಿಯವನೂ ಹಾಗೇ ಕರೆಯುತ್ತಾನೆ. ನಮ್ಮ ಮಾರಾಯ್ತಿಯೇ ಅದು, ಹೆದರಬೇಡ.)

ಈ ಸಾಲಿನಲ್ಲಿ ಮುಂಬಾಗಿಲು ತೆರೆಯುವುದು ಹೆಣಕ್ಕೆ, ಮದುವೆಗೆ, ಪೊಲೀಸರಿಗೆ. ಯಾರೋ ಸತ್ತರೆಂದೇ ಆ ಮುದುಕ ಟೋಪಿ ತೆಗೆದದ್ದು. ರಾನ್‌ನ ಶವಪೆಟ್ಟಿಗೆ ಹೊರಗೆ ಹೋದ ಮೇಲೆ ಅದಕ್ಕೆ ಅಡ್ಡಲಾಗಿ ಕಪಾಟು ಇಟ್ಟುಬಿಟ್ಟಿದ್ದಳಂತೆ, ಬಾಗಿಲು ಚೌಕಟ್ಟಿಗೆ ಬಿಗಿದುಕೊಂಡಿತ್ತು. ಹಿಂದಿನದು ನೇರ ಅಡುಗೆಮನೆಗೆ. ಅದು ತಮ್ಮವರಿಗೆ, ತಟ್ಟಬೇಕಾಗಿಯೂ ಇಲ್ಲ.

ನಾಚಿಕೆಯಿಂದ ಕುಗ್ಗಿಹೋದೆ ಅವ್ವಾ. ಬಂಗ್ಲೆಯ ಕತೆಯನ್ನೆಲ್ಲ ಹೇಳಿ ಕಪಾಟನ್ನು ಮೊದಲಿದ್ದಲ್ಲಿಗೆ ತಳ್ಳಲು ಹೋದರೆ ಅವಳು ಕೈ ಹಿಡಿದು, "ಬಿಡು, ಸ್ವಲ್ಪ ಗಾಳಿ ಆಡ್ಲಿ" ಅಂದಳು. ಆ ಚಳಿಯಲ್ಲಿ ಕೋಟು ತೊಟ್ಟುಕೊಂಡೇ ತೆರೆದ ಬಾಗಿಲಿನ ಎದುರು ಕೂತು ನೀನು ಹುರಿದು ಕೊಟ್ಟ ಪುಡಿಯ ಕಾಫಿ ಕುಡಿದೆವು. ಪುಣ್ಯಾತ್ಗಿತ್ತಿ ಸೋಸಿಯೇ ಇರಲಿಲ್ಲ! ಗಸಿಯನ್ನೂ ಅಗಿದು "ಗಟ್ಟಿಯಾಗಿದೆ" ಎಂದು ಮೆಚ್ಚಿಕೊಂಡಳು. ಮರುದಿನ ಹಾಲು ತರಲು ಹೋದವಳು ಹಿಂದಿನಿಂದ, ತಟ್ಟದೆ, ಒಳಗೆ ಬಂದೆ. ಅವಳು ತಿರುಗಿಯೂ ನೋಡಲಿಲ್ಲ. ಲಂಡನ್ನಿನ ಅರಮನೆಯ ಮುಂದೆ ನಿಂತಾಗಲೂ ಅಷ್ಟು ಸುಖ ಅನಿಸಿರಲಿಲ್ಲ.

ಈಗ ನಮ್ಮ ಜಗಳಕ್ಕೆ ಬರುತ್ತೇನೆ. ಬರುವವಳು ಒಂದೇ ಪ್ರಶ್ನೆ ಕೇಳಿದ್ದಾಳೆ: "ನಿಮ್ಮಮ್ಮನ ಮನೆಗೆ ಹಿಂದಿನ ಬಾಗ್ಲು ಇದ್ಯಾ?" ಇದೆ ಎಂದೆ, ಬಚ್ಚಲ ಹಂಡೆಯ ಪಕ್ಕ. ತಾಲ್ಲೂಕು ಕಚೇರಿ ಎದುರು ಬಿಸಿಲಲ್ಲಿ ಕೂತು, ಪೊಲೀಸರ ಲಾಠಿ ತಿಂದು ಪಡೆದ ಜಾಗದ ಮೇಲೆ ಕಟ್ಟಿದ ಮನೆ ಅದು. ಯಾರ ಮುಂದೆಯೂ ತಲೆತಗ್ಗಿಸಬೇಕಾದ ಮನೆಯಲ್ಲ. ಯಾರ ಮನೆಯಿಂದಲೂ ಕುರ್ಚಿ ಕೇಳಿ ತರಬೇಡ. ಒಲೆ ಮುಂದೆ ಮಣೆ ಹಾಕು, ರೊಟ್ಟಿ ತಟ್ಟು. ಕಕ್ಕಸಿನ ಚಿಂತೆ ನನಗೆ ಬಿಡು.

ಶಬನಂ, ನಿಮ್ಮ ಮನೆಯ ಇದ್ರೀಸಣ್ಣನಿಗೆ ನಾನು ಕೇಳಿದೆನೆಂದು ಹೇಳು. ಅವ್ವಾ, ನಾನು ಯಾರ ಕಾಲಿಗೂ ಬೀಳುವವಳಲ್ಲ, ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕಲು ಮಾತ್ರ ಬೇಗ ಬರುತ್ತಿದ್ದೇನೆ.

ನಿನ್ನ ಜಗಳಗಂಟಿ ಮಗಳು,
ರೂಪಶ್ರೀ

ತಾ.ಕ.: ಬಸ್ಸಿಗೆ ಹೊತ್ತಾಯಿತು. ನೀನು ಆಗಲೇ ಬಂಗ್ಲೆಗೆ ಸುದ್ದಿ ಮುಟ್ಟಿಸಿದ್ದೀಯ! ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಿಲೀಪ್ ಮೆಸೇಜು ಮಾಡಿದ್ದಾನೆ, ಸಾವ್ಕಾರರು ಮೇವಿಸ್‌ಳನ್ನು ಒಂದು ದಿನ ಊಟಕ್ಕೆ ಕರೆದಿದ್ದಾರಂತೆ. ಮೇವಿಸ್‌ಗೆ ಹೇಳಿದರೆ, "ನಿಮ್ಮಮ್ಮ ಬಂದ್ರೆ ನಾನೂ ಬರ್ತೀನಿ" ಅಂದಿದ್ದಾಳೆ. ಮೊಣಕಾಲಿನ ನೆಪ ಹೇಳಬೇಡ. ಅವಳ ಹಿಂದೆ ಅಲ್ಲ, ಪಕ್ಕದಲ್ಲೇ ನಡೆದು ಮುಂದಿನ ಮೆಟ್ಟಿಲು ಹತ್ತು. ಬಾಗಿಲು ಬಿಗಿದುಕೊಂಡಿದ್ದರೆ ಹೆದರಬೇಡ, ಸುತ್ತಿಗೆ ತರುತ್ತಾಳಂತೆ.