ಮೇಲಕ್ಕೆ ಬಂದ ಬ್ಯಾಟರಿ

ನನ್ನ ವಿನೋದಾ ಚಿಕ್ಕಮ್ಮನಿಗೆ,

ಐರೋಲಿಯಿಂದ ತೃಷಾ ಮಾಡುವ ನಮಸ್ಕಾರ. ಫೋನ್ ಮಾಡಿದರೆ ನಿನ್ನ ಹೋಟೆಲಿನ ಗ್ರೈಂಡರ್ ಸದ್ದಿನಲ್ಲಿ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ನೀನು ಅಡ್ಡಪ್ರಶ್ನೆ ಹಾಕುತ್ತೀ. ಅದಕ್ಕೇ ಬರೆಯುತ್ತಿದ್ದೇನೆ, ನಡುವೆ ಬಾಯಿ ಹಾಕದೆ ಪೂರ್ತಿ ಓದು. ನಾವು ಗೆದ್ದೆವು ಚಿಕ್ಕಮ್ಮ! ಸರಕಾರ ತನ್ನ ತಪ್ಪನ್ನು ತಿದ್ದಿಕೊಂಡಿದೆ. ಇವತ್ತು ಬೆಳಿಗ್ಗೆ ತಿದ್ದುಪಡಿ ಪ್ರಕಟವಾಯಿತು. ಓದಿ ಕುರ್ಚಿಯಿಂದ ಹಾರಿದ ರಭಸಕ್ಕೆ ಚಹಾ ಚೆಲ್ಲಿ ಆಫೀಸಿನ ಕೀಬೋರ್ಡ್ ಕೆಟ್ಟಿದೆ. ಕೆಡಲಿ.

ನಿನ್ನ ಮಗ ಸುಜನ್ ಎಲೆಕ್ಟ್ರಿಷಿಯನ್ ಆಗಿ ಸೇರಲಿರುವ ಹೊಸ ಪ್ರಯಾಣಿಕರ ಹಡಗಿನ ವೈರಿಂಗ್ ನಕ್ಷೆ ಪರಿಶೀಲನೆಗೆ ನನ್ನ ಮೇಜಿಗೇ ಬಂದಾಗ ಎಷ್ಟು ಕುಣಿದಿದ್ದೆ, ನೆನಪಿದೆಯಲ್ಲ? ಬಿಡಿಸಿ ನೋಡಿದರೆ ತುರ್ತು ದೀಪಗಳ ಬ್ಯಾಟರಿಯನ್ನು ತಳದ ಎಂಜಿನ್ ಕೋಣೆಯಲ್ಲಿ ಇಟ್ಟಿದ್ದರು. ಅಲ್ಲಿಗೆ ನೀರು ನುಗ್ಗಿದರೆ ಮುಖ್ಯ ಕರೆಂಟಿನ ಜೊತೆಗೇ ತುರ್ತು ದೀಪವೂ ಹೋಗುತ್ತದೆ. ಸರಿಪಡಿಸಲು ಆ ಕತ್ತಲೆಗೆ ಇಳಿಯಬೇಕಾದವನು ನಮ್ಮ ಸುಜನ್. ನಕ್ಷೆ ಬರೆದವರನ್ನು ಕೇಳಿದರೆ, ಸರಕಾರದ ಹೊಸ ಸುರಕ್ಷತಾ ನಿಯಮದಲ್ಲೇ ಹಾಗಿದೆ ಎಂದರು. ನೋಡಿದೆ, ನಿಜಕ್ಕೂ ಹಾಗೇ ಇತ್ತು! ಹಳೆಯ ನಿಯಮಗಳನ್ನು ಹೊಸ ಪುಸ್ತಕಕ್ಕೆ ಇಳಿಸುವಾಗ ಕೋಷ್ಟಕದ ಒಂದು ಸಾಲು ಜಾರಿ, ಬೇರೆ ಯಾವುದೋ ಸಾಮಾನಿನ ಜಾಗ ಬ್ಯಾಟರಿಯ ಪಾಲಿಗೆ ಬಂದಿತ್ತು.

ನಾನು ಸಹಿ ಹಾಕುವುದಿಲ್ಲ ಎಂದೆ. ನಮ್ಮ ಬಾಸ್, ಹುಬ್ಬಳ್ಳಿಯ ಅನಿಲಕುಮಾರ ಸರ್, ಕೆಟ್ಟವರಲ್ಲ; ಆದರೆ ಕೆಲಸ ಕೈತಪ್ಪುವ ಭಯ. "ಸರಕಾರದವರ ಬರದಾರ, ನಿನಗ್ಯಾಕ ಬೇಕವಾ ಉಸಾಬರಿ? ಸಹಿ ಹಾಕು, ಇಲ್ಲಾ ಬ್ಯಾರೆ ಕೆಲಸ ನೋಡ್ಕೊ," ಎಂದರು. ಅವತ್ತು ನಿನ್ನ ಹತ್ತಿರ ಅತ್ತರೆ ನೀನು ಸಮಾಧಾನವನ್ನಾದರೂ ಮಾಡಿದೆಯಾ? "ಕೆಲಸ ಹೋದ್ರೆ ಬಾ ಮಾರಾಯ್ತಿ, ಇಲ್ಲಿ ದೋಸೆ ಹುಯ್ಲಿಕ್ಕೆ ಜನ ಇಲ್ಲ," ಅಂದುಬಿಟ್ಟೆ. ಆ ಒಂದು ಮಾತಿಗೆ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಮರುದಿನವೇ ಆ ನಿಯಮ ಹೊರಡಿಸಿದ ಇಲಾಖೆಗೆ ಬರೆದೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಮತ್ತೆ ಬರೆದೆ, ಮತ್ತೆ ಅದೇ ಉತ್ತರ.

ಕೊನೆಗೆ ಅಲ್ಲಿಂದ ಒಬ್ಬ ಮೇಡಂ ಫೋನ್ ಮಾಡಿದರು. ಕೋಷ್ಟಕ ವಿವರಿಸಲು ಹೋಗಿ ನನ್ನ ನಾಲಿಗೆ ತಡವರಿಸಿತು. ಆಗ ನಿನ್ನ ಕತೆಯನ್ನೇ ಹೇಳಿದೆ. ಬದಲಾಪುರದಲ್ಲಿ ನದಿ ಉಕ್ಕಿ ಹೋಟೆಲಿಗೆ ನೀರು ಬಂದಾಗ ಕೌಂಟರಿನ ಕೆಳಗಿದ್ದ ಇನ್ವರ್ಟರ್ ಎಲ್ಲಕ್ಕಿಂತ ಮೊದಲು ಮುಳುಗಿದ್ದು, ಕತ್ತಲೆಯಲ್ಲಿ ನೀನು ಗಿರಾಕಿಗಳನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದ್ದು, ಆಮೇಲೆ ಹೊಸ ಇನ್ವರ್ಟರನ್ನು ಅಟ್ಟಕ್ಕೆ ಏರಿಸಿದ್ದು, ಎಲ್ಲ. ನಿಮ್ಮ ಚಿಕ್ಕಮ್ಮ ಮಾಡಿದ್ದನ್ನೇ ಹಳೆಯ ನಿಯಮವೂ ಹೇಳುತ್ತಿತ್ತಲ್ಲ, ತೆಗೆದು ನೋಡುತ್ತೇನೆ ಎಂದರು ಮೇಡಂ ಹಿಂದಿಯಲ್ಲಿ. ನೋಡಿದರು, ಪುಣ್ಯಾತ್ಗಿತ್ತಿ!

ಇನ್ನು ಈ ಹಡಗೊಂದರಲ್ಲೇ ಅಲ್ಲ, ಮುಂದೆ ಕಟ್ಟುವ ಎಲ್ಲದರಲ್ಲೂ ಆ ಬ್ಯಾಟರಿ ಮೇಲಿನ ಡೆಕ್ಕಿನಲ್ಲೇ ಇರಬೇಕು. ಅನಿಲಕುಮಾರ ಸರ್ ಪೇಡೆ ತರಿಸಿ, ತಾವೇ ಹಟ ಹಿಡಿದು ಗೆದ್ದವರ ಹಾಗೆ ಹಂಚಿದರು. ನಾನೂ ನಗುತ್ತ ಎರಡು ತಿಂದೆ. ಮಧ್ಯಾಹ್ನ ಹೊಸ ನಕ್ಷೆಗೆ ಸಂತೋಷದಿಂದ ಸಹಿ ಹಾಕಿದೆ.

ಸುಜನ್‌ಗೆ ಇದೊಂದೂ ಗೊತ್ತಿಲ್ಲ, ನೀನೇ ಹೇಳು. ನೀರು ಬಂದು ಎಲ್ಲರೂ ಮೇಲಕ್ಕೆ ಓಡುವ ಹೊತ್ತಿಗೆ ನಮ್ಮ ಹುಡುಗ ಒಬ್ಬನೇ ಕೆಳಗೆ ಇಳಿಯಬೇಕಾಗಿಲ್ಲ, ಚಿಕ್ಕಮ್ಮ. ಅವನೂ ಅವರ ಜೊತೆ ಓಡಬಹುದು.

ನಿನ್ನ ಹೋಟೆಲು, ನಿನ್ನ ಮೊಣಕಾಲು ಎರಡನ್ನೂ ದೇವರು ಗಟ್ಟಿಯಾಗಿಟ್ಟಿರಲಿ.

ನೀನು ಸಾಕಿದ ಹಟಮಾರಿ,
ತೃಷಾ