ತಕರಾರಿನ ಕರಾರು

ಕೂಕಟ್‌ಪಲ್ಲಿ, ಹೈದರಾಬಾದ್
11 ಆಗಸ್ಟ್ 2024, ರವಿವಾರ

ಲೇ ಬಸವಲಿಂಗಪ್ಪ,

ನಾನು ಕ್ಷೇಮ, ನನ್ನ ನಾಲಿಗೆಯೂ ಕ್ಷೇಮ. ಮಂಡಿನೋವಿಗೆ ಔಷಧ ಮಾಡಿಸಿಕೊಳ್ಳಲು ಮಾನ್ವಿಗೆ ಬಂದಿರುವ ನನ್ನ ಮಗಳು ಗದಿಗೆಮ್ಮ ನಿನ್ನ ಪಕ್ಕದ ಮನೆಯಲ್ಲೇ ಇದ್ದಾಳಲ್ಲ, ಇದನ್ನು ಅವಳಿಗೂ ಓದಿ ಹೇಳು. ನನ್ನ ಸಹಿಯ ತನಕ ಮಾತ್ರ.

"ನಿನ್ನ ಮೊಮ್ಮಗಳು ಹಾಡ್ತಾಳೇನು, ಜಗಳಾ ಆಡ್ತಾಳೇನು?" ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಎರಡೂ. ಅದಕ್ಕೆ ರ‍್ಯಾಪ್ ಅನ್ನುತ್ತಾರೆ. ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ನಗುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸುವರ್ಣಾ ಚಿಕ್ಕವಳಿದ್ದಾಗ ಊಟಕ್ಕೆ, ಸ್ನಾನಕ್ಕೆ, ಮಲಗುವುದಕ್ಕೆ, ಎಲ್ಲದಕ್ಕೂ ವಾದ ಹೂಡುತ್ತಿದ್ದಳು. ನಾನು "ತಕರಾರು" ಎಂದು ಕರೆದೆ. ಹಾಡಲು ಶುರುಮಾಡಿದಾಗ ಅದನ್ನೇ ಇಟ್ಟುಕೊಂಡಳು. ಕನ್ನಡಕ್ಕೂ ಸೈ, ತೆಲುಗಿಗೂ ಸೈ, ಇಲ್ಲಿಯ ಉರ್ದುವಿಗೂ ಸೈ. ಅವಳು ಹಾಡುವುದೂ ಹಾಗೆಯೇ, ಒಂದೇ ಉಸಿರಿನಲ್ಲಿ ಮೂರೂ ಭಾಷೆ. ಅವ್ವ ಗದಿಗೆಮ್ಮ ಗಾರೆ ಹೊತ್ತ ಕಟ್ಟಡಗಳ ಮೇಲೆ ಒಂದು ಹಾಡು ಕಟ್ಟಿ, ಫೋನಿನಲ್ಲೇ ರೆಕಾರ್ಡ್ ಮಾಡಿ ಬಿಟ್ಟಳು. ಅದನ್ನು ಕೇಳಿ ಮುಂಬೈಯ ದೊಡ್ಡ ಮ್ಯೂಸಿಕ್ ಲೇಬಲ್ಲೊಂದು ಹುಡುಕಿಕೊಂಡು ಬಂತು. ಲೇಬಲ್ ಅಂದರೆ ಹಾಡು ಮಾಡಿಸಿ ಮಾರುವ ಕಂಪನಿ. ನನ್ನ ಕಿವಿಗೆ ಮಾತ್ರ ಅದು "ಲೇ, ಬಲ್ಲೇನು?" ಎಂದು ಕೇಳಿದ ಹಾಗಿರುತ್ತದೆ. ಅವರ ಜೊತೆ ಎರಡು ಹಾಡು ಬಂದವು. ಉಪ್ಪಲ್ ಮೆಟ್ರೋ ಹತ್ತಿರ ಅವಳ ಫೋಟೊದ ದೊಡ್ಡ ಬೋರ್ಡು ನಿಂತಿತು. ನಾನು ಅದರ ಕೆಳಗೆ ನಿಂತು, ಹೋಗಿಬರುವವರಿಗೆಲ್ಲ, "ನಾನ ಅದು, ಗಡ್ಡ ಬೋಳಿಸಿದಾಗ ತೆಗೆದಿದ್ದು" ಅನ್ನುತ್ತಿದ್ದೆ.

ಈಗ ಕಂಪನಿಗೆ ಹೊಸ ಕರಾರು ಬೇಕಾಯಿತು. ಮುಂದಿನ ಹಾಡುಗಳೆಲ್ಲ ಅವರದು, ಜೊತೆಗೆ "ತಕರಾರು" ಎಂಬ ಹೆಸರೂ ಅವರದು. ಇವಳು ಬಿಟ್ಟು ಬಂದರೆ ಹೆಸರು ಅಲ್ಲೇ ಉಳಿಯುತ್ತದೆ, ಬೇರೆ ಯಾರಿಗೆ ಬೇಕಾದರೂ ತೊಡಿಸಬಹುದು. ಸಹಿ ಹಾಕದಿದ್ದರೆ ಕಂಪನಿ ಇವಳ ಕೈ ಬಿಡುತ್ತದೆ.

ಮೊನ್ನೆ ಗುರುವಾರ ಅವರ ಆಫೀಸಿಗೆ ಹೋದೆವು. ಕರಾರು ತಿಳಿಸಿ ಹೇಳಲು ಸಿಂಚನಾ ಎಂಬ ಬೆಂಗಳೂರಿನ ಹುಡುಗಿ ಕೂತಿದ್ದಳು. ಗೋಡೆಯ ಪರದೆಯಲ್ಲಿ ಮುಂಬೈಯ ಸಾಹೇಬರು.

"ತಾತ, ಗಾಬರಿ ಆಗ್ಬೇಡಿ. ಹೆಸರಿನ ವಿಷ್ಯ ಎಲ್ಲರಿಗೂ ಇರೋದೇ, ಸ್ಟ್ಯಾಂಡರ್ಡ್ ಕ್ಲಾಜು."

"ಎಷ್ಟನೇ ಕ್ಲಾಸವ್ವ? ನಾ ನಾಕನೇ ಕ್ಲಾಸಿಗೇ ಸಾಲಿ ಬಿಟ್ಟಾಂವ."

ನಕ್ಕಳು. ಅವಳು ಅಂದದ್ದು ಕ್ಲಾಜು, ಅಂದರೆ ಕರಾರಿನ ಕಲಮು. ಒಳ್ಳೆಯ ಹುಡುಗಿ. ಸಹಿಗಿಂತ ಮೊದಲು ಸಿಹಿ ಬೇಕು ಅಂದೆ, ಪಾಪ, ಒಂದು ಡಬ್ಬಿ ಪೇಡೆ ತರಿಸಿದಳು.

ನನ್ನ ಹಟಕ್ಕೆ ಕರಾರನ್ನು ಕನ್ನಡದಲ್ಲಿ ಮಾಡಿಸಿದ್ದರು, ಸಹಿ ಬೀಳುವುದೂ ಅದಕ್ಕೇ. ಕನ್ನಡಕ ಏರಿಸಿ ಓದುತ್ತಾ ಹೋದೆ. ಹೆಸರಿನ ಕಲಮಿಗೆ ಬಂದಾಗ ಹೊಟ್ಟೆಯಲ್ಲಿ ನಗು ಕುದಿಯತೊಡಗಿತು. ಟೈಪ್ ಮಾಡಿದವನು ಅಕ್ಷರ ಹಿಂದುಮುಂದು ಮಾಡಿದ್ದ: "'ತರಕಾರಿ' ಎಂಬ ಹೆಸರು ಇನ್ನು ಮುಂದೆ ಕಂಪನಿಯ ಸ್ವತ್ತು."

ತರಕಾರಿ, ಬಸವಲಿಂಗಾ! ಬದನೆ, ಬೆಂಡೆ, ಹೀರೆ ಎಲ್ಲ ಕಂಪನಿಗೆ, ತಕರಾರು ನಮಗೆ! ಮೇಜಿನ ಕೆಳಗೆ ಸುವರ್ಣಾಳ ಕಾಲು ತುಳಿದೆ. ಕಾಗದವನ್ನು ಅವಳ ಮುಂದೆ ಸರಿಸಿ, ಆ ಸಾಲಿನ ಮೇಲೆ ಬೆರಳಿಟ್ಟು, "ಸುಮ್ನ ಸಹಿ ಮಾಡಿಬಿಡವ್ವ" ಎಂದು ಕಿವಿಯಲ್ಲಿ ಹೇಳಿದೆ. ಇಷ್ಟು ಚಂದದ ಕೀಟಲೆ ತಾನಾಗಿ ಬಂದು ನನ್ನ ಮಡಿಲಲ್ಲಿ ಎಂದೂ ಕೂತಿರಲಿಲ್ಲ.

ಅವಳು ಓದಿದಳು. ತುಟಿ ಕಚ್ಚಿ ನಗು ತಡೆದಳು. ಆಮೇಲೆ ಪೆನ್ನು ತೆಗೆದುಕೊಂಡು "ತರಕಾರಿ"ಯನ್ನು ಹೊಡೆದುಹಾಕಿ, ಮೇಲೆ "ತಕರಾರು" ಎಂದು ಬರೆದು, ಸಿಂಚನಾಳ ಕಡೆ ತಿರುಗಿಸಿದಳು.

"ಅಕ್ಕಾರ, ಇಲ್ಲಿ ತಪ್ಪಾಗೇತ್ರಿ. ನೀವು ಕೇಳಾಕತ್ತಿದ್ದು ಇದನ್ನ. ಇದನ್ನ ನಾ ಕೊಡಾಂಗಿಲ್ರಿ."

"ಏ ಹುಚ್ಚಿ, ಕೈಗೆ ಬಂದಿತ್ತಲ್ಲ!" ನಾನು ಹಣೆ ಬಡಿದುಕೊಂಡೆ.

"ನನ್ನ ಹೆಸರು ನಾನ ಕದ್ದು ಇಟ್ಕೋಬೇಕೇನಜ್ಜ?"

ಪರದೆಯ ಸಾಹೇಬರು "ಕ್ಯಾ ಹುವಾ?" ಎಂದರು. ಸುವರ್ಣಾ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದಳು. ಬರೆದುಕೊಂಡು ಬಂದದ್ದಲ್ಲ, ನಿನ್ನಾಣೆ, ಕೂತಲ್ಲೇ ಹುಟ್ಟಿದ್ದು:

ಕರಾರಿಗೆ 'ತ' ಹಚ್ಚಿದ್ರ ತಕರಾರು,
'ತ' ನೀವ ಒಯ್ದ್ರ ಮತ್ತ ನಾ ಯಾರು?
ಅವ್ವ ತುಳಿದಿದ್ದು ಕೆಸರು, ಅಜ್ಜ ಕರೆದಿದ್ದು ಹೆಸರು,
ಎರಡೂ ಕಲಸಿ ಬಂದೈತಿ ಈ ಉಸಿರು.
ಹಾಡು ಒಯ್ರಿ, ತಾಳ ಒಯ್ರಿ, ಮಾರ್ರಿ ಊರೂರು,
ಹೆಸರು ಮಾತ್ರ ಕೇಳಬ್ಯಾಡ್ರಿ ಸಾಹೇಬರು!

ಸಿಂಚನಾಳ ಕೈಯಲ್ಲಿದ್ದ ಪೇಡೆ ಬಾಯಿಗೆ ಹೋಗದೆ ನಿಂತಿತ್ತು. ಕನ್ನಡ ಬಾರದ ಸಾಹೇಬರ ತಲೆ ತಾನಾಗಿಯೇ ತೂಗುತ್ತಿತ್ತು. ಜೀವಮಾನವಿಡೀ ನಾನು ಜನರನ್ನು ನಗಿಸಲು ಯಾವ ಆಟ ಆಡಿದೆನೋ ಅದನ್ನೇ ಅವಳು ಆಡಿದ್ದಳು, ಆದರೆ ಒಬ್ಬರೂ ನಗಲಿಲ್ಲ. ಮಾತಿಗೆ ಇಷ್ಟು ತೂಕ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ ಕಣೋ. ಕೈ ಮುಗಿಯಬೇಕು ಅನ್ನಿಸಿತು. ಮೊಮ್ಮಗಳಿಗೆ ಹೇಗೆ ಮುಗಿಯುವುದು ಎಂದು ಎರಡೂ ಕೈಯಲ್ಲಿ ಒಂದೊಂದು ಪೇಡೆ ಹಿಡಿದುಕೊಂಡು ಕೂತೆ.

ಕಂಪನಿಯವರು ಯೋಚನೆ ಮಾಡಿ ತಿಳಿಸುತ್ತಾರಂತೆ. ಗದಿಗೆಮ್ಮ ಚಿಂತೆ ಬಿಟ್ಟು ಮಂಡಿ ನೋಡಿಕೊಳ್ಳಲಿ.

ನಿನ್ನ ಕೀಟಲೆಯ ಪಾಲುದಾರ,
ಹಂಪಯ್ಯ

ತಾ.ಕ.: ಇದನ್ನು ನೀನೊಬ್ಬನೇ ಓದಿಕೋ. ಯೋಚನೆ ಮಾಡುತ್ತಾರೆ ಎಂದು ಬರೆದದ್ದು ಸುಳ್ಳು. ಅಷ್ಟು ತಲೆ ತೂಗಿದ ಸಾಹೇಬರು, ಸಿಂಚನಾ ಅರ್ಥ ಹೇಳಿದ ಮೇಲೆ, ಹೆಸರು ಕೊಡದಿದ್ದರೆ ಕರಾರಿಲ್ಲ ಎಂದು ಅಲ್ಲೇ ಮುಗಿಸಿಬಿಟ್ಟರು. ಮಗಳಿಗೆ ದೊಡ್ಡ ಕಂಪನಿ ಸಿಕ್ಕಿದೆ ಎಂದು ಗದಿಗೆಮ್ಮ ಊರೆಲ್ಲ ಹೇಳಿಕೊಂಡಿದ್ದಾಳೆ. ಅವಳು ವಾಪಸು ಬಂದಾಗ ಎದುರು ಕೂತು ನಾನೇ ಹೇಳುತ್ತೇನೆ. ಲಿಫ್ಟಿನಲ್ಲಿ ಇಳಿಯುವಾಗ "ಈಗ ನಮ್ಮ ಕೈಯಾಗ ಏನ್ ಉಳೀತವ್ವ?" ಎಂದು ಕೇಳಿದೆ. ಅವಳು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾ, "ತಕರಾರು" ಅಂದಳು. ಲಿಫ್ಟು ನೆಲ ಮುಟ್ಟಿತು, ಬಸವಲಿಂಗಾ. ಕೈಯಲ್ಲಿದ್ದ ಎರಡೂ ಪೇಡೆ ಅವಳಿಗೆ ಕೊಟ್ಟು, ಖಾಲಿ ಕೈ ಮುಗಿದೆ.