‘ಒಲ್ಲೆ’ಗೂ ಒಂದು ಚೂರು ಬೆಲ್ಲ

ಕಪ್ಪತಗುಡ್ಡದ ಕೆಳಗಿನ ನೆರಳೋಣಿ,
ಕ್ರಿ.ಶ. ೨೨೪೧, ಫೆಬ್ರುವರಿ ಮೂವತ್ತೊಂದು

ಹಿಂದಿನವರಿಗೆ ಶರಣು.

ತಾರೀಖು ನೋಡಿ ನಗಬೇಡಿರಿ. ಬೇಸಿಗೆ ಬೆಳೆಯುತ್ತ ಹೋದಂತೆ ನಮ್ಮ ಹಿರಿಯರು ತಿಂಗಳುಗಳನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿಕೊಂಡರು. ಫೆಬ್ರುವರಿಗೆ ಅದರಲ್ಲಿ ಲಾಭವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿರಿ. ನಾನು ಕಲ್ಲವ್ವ. ಬಾಯಿಂದ ಮಾತಾಡಲಾಗದವರು ತಮ್ಮ ಬದುಕಿನ ನಿರ್ಧಾರವನ್ನು ತಾವೇ ಮಾಡುವಾಗ ಜೊತೆಗೆ ಕೂರುವ ಮೂವರಿಗೆ ನಮ್ಮಲ್ಲಿ ‘ಇಂಬು’ ಎನ್ನುತ್ತಾರೆ. ಆ ಮೂವರಲ್ಲಿ ನಾನೊಬ್ಬಳು. ಚಿತ್ರ ತೋರಿಸಿ, ವಸ್ತು ಮುಟ್ಟಿಸಿ ಪ್ರಶ್ನೆ ಇಡುವುದು, ಉತ್ತರ ಬರುವತನಕ ಸುಮ್ಮನೆ ಕಾಯುವುದು ನಮ್ಮ ಕೆಲಸ. ನಿಮ್ಮ ಕಾಲದಲ್ಲಿ ಇಂಥವರ ಪರವಾಗಿ ಬೇರೆಯವರೇ ಎಲ್ಲವನ್ನೂ ತೀರ್ಮಾನಿಸುತ್ತಿದ್ದರಂತೆ, ಅದು ತಪ್ಪೆಂದು ನಿಮ್ಮಲ್ಲೇ ಕೆಲವರು ಬಡಿದಾಡಿದರಂತೆ. ನೀವು ಗೆದ್ದಿರಿ ಎಂದು ಬರೆಯುವ ಆಸೆಯಿತ್ತು. ಈಗ ಹಾಗೆ ಬರೆಯಲು ನಾಚಿಕೆಯಾಗುತ್ತದೆ.

ನೆರಳೋಣಿ ಎಂದರೆ ಉದ್ದಕ್ಕೂ ಚಾವಣಿ ಹೊದ್ದ ಓಣಿ. ಬಿಸಿಲಿಗೆ ಹೆದರಿ ನಾವೆಲ್ಲ ಇದರೊಳಗೆ ಸೇರಿಕೊಂಡಿದ್ದೇವೆ. ನಸುಕಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದು ತುದಿಯಿಂದ ಇನ್ನೊಂದು ತುದಿಗೆ ಕೇಳುತ್ತದೆ; ಹೊತ್ತೇರಿದ ಮೇಲೆ ಎಲ್ಲರೂ ಮಲಗುತ್ತೇವೆ. ಗುಡ್ಡದ ಮೇಲೆ ಗಾಳಿಗೆ ಮೈಯೊಡ್ಡಿ ಇರುವವರು ಕೆಲವರೇ. ಇಂದ್ರವ್ವ, ಆಕೆಯ ಗೆಳತಿ ದಾವಲಬಿ ಅಲ್ಲಿ ಒಂದೇ ಮನೆಯಲ್ಲಿ ಬಹಳ ವರ್ಷ ಬಾಳಿದರು. ಇಂದ್ರವ್ವನಿಗೆ ಹುಟ್ಟಿನಿಂದ ಕೈಕಾಲು ಸ್ವಾಧೀನವಿಲ್ಲ, ಮಾತಿಲ್ಲ. ಕಣ್ಣು ಮುಚ್ಚಿ ತೆರೆದರೆ ಹೂಂ, ಮುಖ ಗೋಡೆಗೆ ತಿರುಗಿಸಿದರೆ ಒಲ್ಲೆ.

ಹೋದ ಮಳೆಗಾಲದ ನಂತರ ನಾವು ಮೂವರೂ ಹೋಗಿ, ಕೆಳಗೆ ಓಣಿಗೆ ಬಂದು ಇರುತ್ತೀಯಾ ಎಂದು ಕೇಳಿದೆವು. ಆಸ್ಪತ್ರೆ ಹತ್ತಿರ, ತಂಪು ಹೆಚ್ಚು ಎಂದೆವು. ಗುಡ್ಡ ಹತ್ತಿ ನಮ್ಮ ಮೊಣಕಾಲು ಸೋತಿದ್ದವು ಎಂಬುದನ್ನು ಮಾತ್ರ ಹೇಳಲಿಲ್ಲ. ಆಕೆ ಗೋಡೆಗೆ ಮುಖ ತಿರುಗಿಸಿದಳು.

ನಮ್ಮಲ್ಲೊಂದು ಪದ್ಧತಿಯಿದೆ. ಹೂಂ ಎಂದರೆ ಅಲ್ಲಿಗೆ ಮುಗಿಯಿತು, ಮನೆಮಂದಿಗೆಲ್ಲ ಬೆಲ್ಲ ಹಂಚುತ್ತೇವೆ. ಒಲ್ಲೆ ಎಂದರೆ ಪ್ರಶ್ನೆ ತಿಳಿದಿರಲಿಕ್ಕಿಲ್ಲವೆಂದು ಮರುದಿನ ಮತ್ತೆ ಕೇಳುತ್ತೇವೆ. ಕರುಣೆಯಿಂದಲೇ ಮಾಡಿದ ಕಟ್ಟಳೆ ಅದು. ನಾವು ಮರುದಿನ ಹೋದೆವು, ಅದರ ಮರುದಿನವೂ ಹೋದೆವು. ದಾವಲಬಿ ಬಾಗಿಲಲ್ಲಿ ನಿಂತು ಸಿಟ್ಟಾದಳು: “ಆಕಿ ಒಲ್ಲೆ ಅಂದದ್ದು ನಿಮಗ ಕಾಣ್ಲಿಲ್ಲೇನ್ರೀ?” ಒಂದೇ ಮನೆಯವರು ಒತ್ತಾಯ ಮಾಡಿಯಾರೆಂದು ಅವರನ್ನು ಇಂಬಿನಲ್ಲಿ ಕೂರಿಸುವುದಿಲ್ಲ, ಆಕೆಯನ್ನು ಹೊರಗೆ ಕಳಿಸಿದೆವು. ಒತ್ತಾಯ ಮಾಡುತ್ತಿದ್ದವರು ಒಳಗೇ ಕೂತಿದ್ದೆವು. ಕೊನೆಗೊಂದು ದಿನ ಇಂದ್ರವ್ವ ಕಣ್ಣು ಮುಚ್ಚಿ ತೆರೆದಳು. ನಮ್ಮಲ್ಲಿ ಹಿರಿಯನಾದ ರುದ್ರಗೌಡ “ಅಂತೂ ಒಪ್ಪಿದಳು, ಬೆಲ್ಲ ತರ್ರಿ” ಎಂದ. ನಾನೇ ತಂದು ಹಂಚಿದೆ.

ಓಣಿಗೆ ಬಂದ ಮೇಲೆ ಇಂದ್ರವ್ವ ಎಲ್ಲಕ್ಕೂ ಹೂಂ ಎನ್ನತೊಡಗಿದಳು. ಎಷ್ಟು ಹೊಂದಿಕೊಂಡಳಲ್ಲ ಎಂದು ಹಿಗ್ಗಿದೆವು. ಮೊನ್ನೆ ಊಟಕ್ಕೆ ಸಾಕೇನು ಎಂದೆ, ಹೂಂ. ಇನ್ನೂ ಬೇಕೇನು ಎಂದೆ, ಹೂಂ. ಬೆವರು ಇಳಿಯುತ್ತಿದ್ದ ಹೊತ್ತಿನಲ್ಲಿ ಚಳಿಯೇನು ಎಂದೆ, ಅದಕ್ಕೂ ಹೂಂ. ತುತ್ತು ನನ್ನ ಕೈಯಲ್ಲೇ ಉಳಿಯಿತು. ಒಲ್ಲೆ ಎಂದರೆ ಫಲವಿಲ್ಲವೆಂದು ಆಕೆಗೆ ಕಲಿಸಿದವರು ನಾವೇ.

ನಿನ್ನೆ ಮೂವರೂ ಕೂತು, ಗುಡ್ಡದ ಮನೆಗೆ ತಿರುಗಿ ಹೋಗುತ್ತೀಯಾ ಎಂದು ಕೇಳಿದೆವು. ಹೂಂ ಎಂದಳು. ರೂಢಿಯಂತೆ ಬೆಲ್ಲದ ತಟ್ಟೆಗೆ ಹೋದ ರುದ್ರಗೌಡನ ಕೈ ಅರ್ಧದಲ್ಲೇ ನಿಂತಿತು. ಆ ಹೂಂ ಆಕೆಯದೋ ನಮ್ಮದೋ ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ತಲೆತಗ್ಗಿಸಿ ನಾನೆಂದೂ ಕೂತಿರಲಿಲ್ಲ.

ಕಟ್ಟಳೆ ಬದಿಗಿಟ್ಟು, ಗುಡ್ಡದ ಮನೆಯಲ್ಲಿ ಒಬ್ಬಳೇ ಉಳಿದಿದ್ದ ದಾವಲಬಿಯನ್ನು ಇಂದು ಕರೆಸಿದೆ. ಆಕೆ ಎದುರು ಕೂತು, “ಇಂದ್ರವ್ವಾ, ನಾ ಒಬ್ಬಾಕೀನ ಹೊಳ್ಳಿ ಹೋಗ್ಲೇನು? ನೀ ಒಲ್ಲೆ ಅಂದ್ರೂ ನಡೀತೈತಿ” ಎಂದಳು. ಇಂದ್ರವ್ವನ ಮುಖ ಮೆಲ್ಲಗೆ ಗೋಡೆಯ ಕಡೆ ತಿರುಗಿತು. ದಾವಲಬಿ ನಕ್ಕಳು, ನಗುತ್ತಲೇ ಅತ್ತಳು. ಪದ್ಧತಿಯಂತೆ ನಾಳೆ ಮತ್ತೊಮ್ಮೆ ಕೇಳಬೇಕಲ್ಲ ಎಂದು ರುದ್ರಗೌಡ ಗೊಣಗಿದ. ಗುಡ್ಡ ಬಿಡಲು ಒಲ್ಲೆ ಎಂದು ಅಂದೇ ಹೇಳಿದ್ದಳು, ಇಂದು ಗೆಳತಿಯನ್ನು ಬಿಡಲೂ ಒಲ್ಲೆ ಎಂದಿದ್ದಾಳೆ, ಇನ್ನು ಕೇಳುವುದಿಲ್ಲ ಎಂದೆ. ನಾಳೆ ನಸುಕಿನಲ್ಲಿ ಇಬ್ಬರನ್ನೂ ಗುಡ್ಡಕ್ಕೆ ಕರೆದೊಯ್ಯುತ್ತೇವೆ, ಮೊಣಕಾಲು ಏನಾದರೂ ಆಗಲಿ.

ಹಿಂದಿನವರೇ, ನಿಮ್ಮಲ್ಲಿ ಒಂದು ಬೇಡಿಕೆ. ನಮ್ಮ ಕಟ್ಟಳೆಗಳು ನಿಮ್ಮ ಕಾಲದಲ್ಲೇ ಚಿಗುರುತ್ತಿರಬೇಕು. ನಿಮ್ಮ ಮನೆಯಲ್ಲಿ ಮಾತಿಲ್ಲದ ಮಗುವೊಂದು ತುತ್ತಿಗೋ ಅಂಗಿಗೋ ಮೊದಲ ಸಲ ಮುಖ ತಿರುಗಿಸಿದಾಗ, ಮತ್ತೆ ಕೇಳಬೇಡಿರಿ. ಬೆಲ್ಲ ಹಂಚಿರಿ.

ಕಲ್ಲವ್ವ